ಕಾಣದ ಚಿನ್ನದ ಲೆಕ್ಕ

1880ರ ಆಸುಪಾಸಿನಲ್ಲಿ ಲಂಡನ್ನಿನ ಹಣ ದಕ್ಷಿಣ ಭಾರತದ ಎರಡು ಜಾಗಗಳಿಗೆ ಚಿನ್ನ ಅರಸಿಕೊಂಡು ಬಂತು. ಒಂದು, ನೀಲಗಿರಿಯ ಪಡುವಣ ಮಗ್ಗುಲಿನ ಆಗ್ನೇಯ ವೈನಾಡು. ಇವತ್ತು ಗೂಡಲೂರು, ಪಂದಲೂರು, ದೇವಾಲಾ ಎಂದು ನಾವು ಕರೆಯುವ ತೋಟಗಳ ಸೀಮೆ ಅದು. ಇನ್ನೊಂದು, ಮೈಸೂರು ಸಂಸ್ಥಾನದ ಮೂಡಣ ಅಂಚಿನಲ್ಲಿದ್ದ ಕೋಲಾರದ ಬಯಲು. ವೈನಾಡಿನಲ್ಲಿ ಎಷ್ಟು ಚಿನ್ನವಿದೆ ಎಂದು ಸರ್ಕಾರವೇ ಹೊರಗಿನ ಪರಿಣತನೊಬ್ಬನನ್ನು ಕರೆಸಿ ವರದಿ ಬರೆಸಿತ್ತು. ಕೋಲಾರದ ಬೆನ್ನಿಗೆ ಅಂಥ ಭರವಸೆಯ ಸರ್ಕಾರಿ ವರದಿ ಇರಲಿಲ್ಲ. ಹತ್ತು ವರ್ಷ ತುಂಬುವಷ್ಟರಲ್ಲಿ ವೈನಾಡಿನ ಕಂಪನಿಗಳು ಮುಳುಗಿದ್ದವು, ಕೋಲಾರ ಜಗತ್ತಿನ ದೊಡ್ಡ ಗಣಿಗಳ ಸಾಲಿಗೆ ಬಂದು ನಿಂತಿತ್ತು. ನೆಲದಡಿಯಲ್ಲಿ ಇನ್ನೂ ಯಾರ ಕೈಗೂ ಸಿಗದ ಖನಿಜ ಎಷ್ಟಿರಬಹುದು ಎಂದು ನಾಡಿನ ಮಟ್ಟದಲ್ಲಿ ಲೆಕ್ಕ ಹಾಕುವ ಕಸುಬಿಗೆ ಒಂದು ಚರಿತ್ರೆಯಿದೆ. ನಮ್ಮ ಕಡೆ ಆ ಚರಿತ್ರೆಯನ್ನು ಈ ಎರಡು ಜಾಗಗಳಿಂದಲೇ ಓದಬೇಕು. ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ ಎಂಬುದು ನನ್ನ ವಾದ: ಸಿಗದ ಖನಿಜಕ್ಕೆ ಒಂದೇ ಒಂದು ಅಂಕಿ ಕೊಡುವ ಅಂದಾಜನ್ನು ನಂಬಬಾರದು. ಯಾವ ಬಗೆಯ ಅದಿರು, ಅದು ಹುಟ್ಟಬಲ್ಲ ನೆಲ ಎಷ್ಟು, ಆ ನೆಲದಲ್ಲಿ ಎಷ್ಟು ಭಾಗವನ್ನು ಎಷ್ಟು ಆಳದವರೆಗೆ ಹುಡುಕಿ ಆಗಿದೆ, ಉಳಿದದ್ದರಲ್ಲಿ ಕಡಿಮೆಯೆಂದರೆ ಎಷ್ಟು, ಹೆಚ್ಚೆಂದರೆ ಎಷ್ಟು ಎಂಬುದನ್ನೆಲ್ಲ ಹೇಳದ ಅಂಕಿಯಿಂದ ಷೇರು ಮಾರುವವನಿಗೆ ಉಪಯೋಗವಾದೀತು, ನಾಡಿಗೆ ಆಗದು.

ವೈನಾಡಿನ ಕಥೆಯನ್ನು ತುಸು ನಿಧಾನವಾಗಿ ನೋಡೋಣ. ಅಲ್ಲಿನ ಹಳ್ಳಗಳ ಮರಳು ತೊಳೆದು ಚಿನ್ನ ತೆಗೆಯುವವರು ಹಿಂದಿನಿಂದಲೂ ಇದ್ದರು. 1830ರ ದಶಕದಲ್ಲೇ ಕಂಪನಿ ಸರ್ಕಾರ ಅದರ ಬಗ್ಗೆ ವಿಚಾರಣೆ ನಡೆಸಿತ್ತು. 1875ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಅಲ್ಲಿನ ಬೆಣಚುಕಲ್ಲಿನ ಪಟ್ಟಿಗಳ ಬಗ್ಗೆ ಬರೆದ. 1879ರಲ್ಲಿ ಸರ್ಕಾರ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದಲ್ಲಿ ಗಣಿ ಇಲಾಖೆಯ ಕಾರ್ಯದರ್ಶಿಯಾಗಿದ್ದ ರಾಬರ್ಟ್ ಬ್ರೋ ಸ್ಮಿತ್‌ನನ್ನು ನೇಮಿಸಿತು. ವಿಕ್ಟೋರಿಯಾದ ಚಿನ್ನದ ಭರಾಟೆಯನ್ನು ಹತ್ತಿರದಿಂದ ಕಂಡಿದ್ದವನು ಅವನು. ಬೆಟ್ಟದ ಮೇಲೆ ಕಾಣುವ ಪಟ್ಟಿಗಳನ್ನು ಒಂದೊಂದಾಗಿ ಗುರುತಿಸಿ, ಕಲ್ಲಿನ ಮಾದರಿಗಳನ್ನು ಪರೀಕ್ಷಿಸಿ 1880ರಲ್ಲಿ ಆಶಾದಾಯಕ ವರದಿ ಕೊಟ್ಟ. ಲಂಡನ್ ಪೇಟೆಗೆ ಅಷ್ಟು ಸಾಕಾಯಿತು. 30ಕ್ಕೂ ಹೆಚ್ಚು ಕಂಪನಿಗಳು ಹುಟ್ಟಿಕೊಂಡವು, ಕಾಗದದ ಮೇಲಿನ ಅವುಗಳ ಬಂಡವಾಳ 40 ಲಕ್ಷ ಪೌಂಡು ದಾಟಿತು. ಅದರಲ್ಲಿ ಬಹುಪಾಲು ಗಣಿಗೆ ಇಳಿಯಲೇ ಇಲ್ಲ. ಬೆಲೆ ಏರಿಸಿಕೊಂಡ ಕಾಫಿ ತೋಟಗಳನ್ನು ಕೊಳ್ಳುವುದಕ್ಕೆ ಹೋಯಿತು, ಕಂಪನಿ ಕಟ್ಟಿದವರ ಜೇಬಿಗೆ ಹೋಯಿತು. ಉಳಿದ ಹಣದಲ್ಲಿ ತಂದ ಯಂತ್ರಗಳು ಕಲ್ಲು ಕುಟ್ಟಲು ತೊಡಗಿದಾಗ ಹೊರಬಂದ ಚಿನ್ನ ಕೂಲಿಗೂ ಸಾಲಲಿಲ್ಲ. 1901ರಲ್ಲಿ ಭೂವಿಜ್ಞಾನಿಗಳಾದ ಹೇಡನ್ ಮತ್ತು ಹ್ಯಾಚ್ ಅದೇ ಬೆಟ್ಟಗಳನ್ನು ಮತ್ತೆ ಕ್ರಮವಾಗಿ ಪರೀಕ್ಷಿಸಿ, ಲಾಭಕ್ಕೆ ಗಣಿ ನಡೆಸುವಷ್ಟು ಚಿನ್ನ ಇಲ್ಲವೆಂಬ ತೀರ್ಮಾನಕ್ಕೆ ಬಂದರು.

ಬ್ರೋ ಸ್ಮಿತ್ ಸುಳ್ಳು ಹೇಳಿದ ಎಂದು ಇಲ್ಲಿ ಯಾರೂ ಹೇಳಬೇಕಿಲ್ಲ. ಅವನು ಪರೀಕ್ಷಿಸಿದ ಕಲ್ಲುಗಳಲ್ಲಿ ಚಿನ್ನ ಇತ್ತು. ತಪ್ಪಿದ್ದು ಮಾದರಿಯಿಂದ ಬೆಟ್ಟಕ್ಕೆ ಹಾರಿದ ಜಿಗಿತದಲ್ಲಿ. ಬಿಸಿಲು ಮಳೆಗೆ ಕಲ್ಲು ಸಾವಿರಾರು ವರ್ಷ ಕೊಳೆಯುವಾಗ ಅದರಲ್ಲಿದ್ದ ಬೇರೆಲ್ಲ ಕರಗಿಹೋಗಿ ಚಿನ್ನದ ಕಣಗಳು ಮೇಲ್ಪದರದಲ್ಲಿ ಉಳಿದುಕೊಳ್ಳುತ್ತವೆ. ಹಾಗಾಗಿ ಮೇಲಿನ ಹತ್ತಿಪ್ಪತ್ತು ಅಡಿಯ ಕಲ್ಲು ಕೆಳಗಿನದಕ್ಕಿಂತ ಶ್ರೀಮಂತವಾಗಿರುತ್ತದೆ. ಅದರ ಮೇಲೆ, ಬೆಣಚುಕಲ್ಲಿನಲ್ಲಿ ಚಿನ್ನ ಒಂದೇ ಸಮ ಹರಡಿರುವುದಿಲ್ಲ. ಒಂದು ಮಾರು ದೂರದಲ್ಲಿ ಕಣ್ಣಿಗೆ ಕಾಣುವಷ್ಟು, ಮುಂದಿನ ನೂರು ಮಾರಿನಲ್ಲಿ ಏನೂ ಇಲ್ಲ. ಪಟ್ಟಿಗಳ ಸಂಖ್ಯೆಯನ್ನು ಮಾದರಿಯ ಸರಾಸರಿಯಿಂದ ಗುಣಿಸಿದರೆ ಬರುವ ಮೊತ್ತ ಕಾಗದಕ್ಕೆ ಸರಿ, ನೆಲಕ್ಕೆ ಸರಿಯಲ್ಲ.

ಕೋಲಾರದಲ್ಲಿ ನಡೆದದ್ದು ಇದರ ತಿರುಗುಮುರುಗು. 1802ರಲ್ಲಿ ಮೈಸೂರಿನ ಗಡಿ ಅಳೆಯುತ್ತಿದ್ದ ಲೆಫ್ಟಿನೆಂಟ್ ಜಾನ್ ವಾರನ್, ಇಲ್ಲಿ ಚಿನ್ನ ಸಿಗುತ್ತದೆ ಎಂಬ ಸುದ್ದಿ ಕೇಳಿ ತೋರಿಸಿದವರಿಗೆ ಇನಾಮು ಸಾರಿದ. ಊರಿಗಾಂ ಕಡೆಯ ಹಳ್ಳಿಗರು ಗಾಡಿಗಳಲ್ಲಿ ಮಣ್ಣು ತಂದು ಅವನೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಮಾರಿಕುಪ್ಪಂ ಬಳಿ ದಲಿತ ಸಮುದಾಯದವರು ಗುಂಡಿಗಳಿಗೆ ಇಳಿದು ಕಲ್ಲು ಒಡೆದು ತರುವುದನ್ನೂ ಅವನು ಕಂಡ. ಅವನ ಬರಹ ಎಷ್ಟೋ ಕಾಲ ಸುಮ್ಮನೆ ಬಿದ್ದಿತ್ತು. ನ್ಯೂಜಿಲೆಂಡಿನ ಯುದ್ಧದಿಂದ ನಿವೃತ್ತನಾಗಿ ಬೆಂಗಳೂರಿನಲ್ಲಿ ನೆಲೆಸಿದ್ದ ಐರಿಷ್ ಸೈನಿಕ ಲ್ಯಾವೆಲ್ ಅದನ್ನು ಓದಿ 1871ರಲ್ಲಿ ಅಲ್ಲಿಗೆ ಹೋದ. ಆಮೇಲೆ ಪರವಾನಗಿ ಪಡೆದ, ಗುಂಡಿ ತೋಡಿದ, ಹಣ ಸಾಲದೆ ಹಕ್ಕನ್ನು ಬೇರೆಯವರಿಗೆ ಬಿಟ್ಟುಕೊಟ್ಟ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕೈಗೆ ಬಂದ ಮೈಸೂರು ಕಂಪನಿಯ ಬಂಡವಾಳ ಮೂರೇ ವರ್ಷದಲ್ಲಿ ಬಹುತೇಕ ಕರಗಿತು. ಮುಚ್ಚಿಬಿಡೋಣ ಎಂಬ ಮಾತು ಷೇರುದಾರರಲ್ಲಿ ಎದ್ದಿತ್ತು. ಉಳಿದ ಅಲ್ಪ ಹಣದಲ್ಲಿ ಕ್ಯಾಪ್ಟನ್ ಪ್ಲಮ್ಮರ್ ಹೊಸ ಜಾಗ ಹುಡುಕಲಿಲ್ಲ. ಪ್ರಾಚೀನರು ತೋಡಿ ಬಿಟ್ಟ ಗುಂಡಿಗಳ ತಳಕ್ಕೇ ಇಳಿದ. ಅವರು ನಿಲ್ಲಿಸಿದ್ದ ಜಾಗದಿಂದ ಕೆಳಗೆ ಯಾರೂ ಮುಟ್ಟದ ಚಾಂಪಿಯನ್ ರೀಫ್ ಎಂಬ ಚಿನ್ನದ ಪಟ್ಟಿ ಇತ್ತು. ಮುಂದೆ ಆ ಪಟ್ಟಿಯ ಜಾಡು ಹಿಡಿದು ಸುಮಾರು 3.2 ಕಿಲೋಮೀಟರ್ ಆಳದವರೆಗೆ ಮನುಷ್ಯರು ಇಳಿದರು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ಆ ಗಣಿಗಳಿಗೇ. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚುವ ಹೊತ್ತಿಗೆ ಅಲ್ಲಿಂದ ಸುಮಾರು 800 ಟನ್ ಚಿನ್ನ ಹೊರಬಂದಿತ್ತು.

ಈ 800 ಟನ್ ಬಂದದ್ದು ಎಷ್ಟು ಜಾಗದಿಂದ ಎಂಬುದನ್ನು ನೋಡಿದರೆ ಅಂದಾಜಿನ ಕಸುಬಿನ ನಿಜವಾದ ತೊಡಕು ಗೊತ್ತಾಗುತ್ತದೆ. ಕೋಲಾರದ ಶಿಸ್ಟ್ ಕಲ್ಲಿನ ಪಟ್ಟಿ ಸುಮಾರು 80 ಕಿಲೋಮೀಟರ್ ಉದ್ದವಿದೆ. ಚಿನ್ನದ ಬಹುಪಾಲು ಬಂದದ್ದು ಅದರಲ್ಲಿ ಏಳೆಂಟು ಕಿಲೋಮೀಟರಿನೊಳಗಿನ ಮೈಸೂರು, ಚಾಂಪಿಯನ್ ರೀಫ್, ಊರಿಗಾಂ, ನಂದಿದುರ್ಗ ಗಣಿಗಳಿಂದ, ಅದೂ ಬಹುಮಟ್ಟಿಗೆ ಒಂದೇ ಬೆಣಚುಕಲ್ಲಿನ ಪಟ್ಟಿಯಿಂದ. ಅದೇ ಶಿಸ್ಟಿನ ದಕ್ಷಿಣ ತುದಿಯಲ್ಲಿ, ಇಂದಿನ ಆಂಧ್ರದ ಚಿಗರಗುಂಟ, ಬಿಸಾನತ್ತಂ ಕಡೆ ಸಿಕ್ಕದ್ದು ಇದರ ಸಣ್ಣ ಪಾಲು. ಕಲ್ಲು ಒಂದೇ, ವಯಸ್ಸು ಒಂದೇ, ಫಲ ಮಾತ್ರ ಅಜಗಜಾಂತರ. ಜಗತ್ತಿನ ಎಲ್ಲ ಚಿನ್ನದ ಸೀಮೆಗಳಲ್ಲೂ, ತಾಮ್ರದ ಸೀಮೆಗಳಲ್ಲೂ ಹೀಗೆಯೇ: ನೂರು ನಿಕ್ಷೇಪಗಳಲ್ಲಿ ನಾಲ್ಕೈದು ದೊಡ್ಡವು ಒಟ್ಟು ಲೋಹದ ಬಹುಪಾಲನ್ನು ಹಿಡಿದಿಟ್ಟುಕೊಂಡಿರುತ್ತವೆ, ಉಳಿದವೆಲ್ಲ ಸೇರಿ ಅಷ್ಟಿಷ್ಟು. ಆದ್ದರಿಂದ ಒಂದು ದೇಶದಲ್ಲಿ ಉಳಿದಿರುವ ಖನಿಜದ ಲೆಕ್ಕ ಎಂದರೆ, ಇನ್ನೊಂದು ಕೋಲಾರ ಉಳಿದಿದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಕೊಡುವ ಉತ್ತರವೇ ಹೆಚ್ಚುಕಡಿಮೆ. ಇದ್ದರೆ ಒಂದು ಮೊತ್ತ, ಇಲ್ಲದಿದ್ದರೆ ಅದರ ಹತ್ತನೇ ಒಂದು ಪಾಲು. ಎರಡರ ನಡುವಿನ ಸರಾಸರಿ ತೆಗೆದು ಅಚ್ಚು ಹಾಕಿದರೆ ಆ ಅಂಕಿ ಯಾವ ಸಂದರ್ಭದಲ್ಲೂ ನಿಜವಾಗುವುದಿಲ್ಲ.

ಪ್ಲಮ್ಮರ್ ಇಳಿದ ಹಳೆಯ ಗುಂಡಿಗಳ ಬಗ್ಗೆ ಇನ್ನಷ್ಟು ಹೇಳಬೇಕು, ಯಾಕೆಂದರೆ ಕರ್ನಾಟಕದ ಚಿನ್ನದ ಮೊದಲ ಅಂದಾಜುಗಾರರು ಅವನ್ನು ತೋಡಿದವರೇ. ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಅವರು 600 ಅಡಿಗೂ ಕೆಳಗೆ ಇಳಿದಿದ್ದರು. ಅಲ್ಲಿ ಸಿಕ್ಕ ಮರದ ತುಂಡುಗಳ ಕಾಲ ಸುಮಾರು ಎರಡು ಸಾವಿರ ವರ್ಷದ ಹಿಂದಿನದು ಎಂದು ಇಂಗಾಲದ ಪರೀಕ್ಷೆ ಹೇಳಿದೆ. ಕಲ್ಲಿನ ಮುಖಕ್ಕೆ ಬೆಂಕಿ ಹಾಕಿ ಕಾಯಿಸುವುದು, ನೀರೆರೆದು ಬಿರುಕು ಬಿಡಿಸುವುದು, ಸುತ್ತಿಗೆ ಚಾಣಗಳಿಂದ ಒಡೆಯುವುದು, ಮೇಲೆ ತಂದು ಬಂಡೆಯ ಮೇಲೆ ಅರೆದು ತೊಳೆಯುವುದು, ಇಷ್ಟೇ ಅವರ ವಿದ್ಯೆ. ಇಷ್ಟರಲ್ಲೇ ಅವರು ನಾಡನ್ನು ಜಾಲಾಡಿದ್ದರು. ಬ್ರಿಟಿಷರ ಕಾಲದಲ್ಲಿ ತೆರೆದ ಹಟ್ಟಿ, ಕೋಲಾರ, ರಾಮಗಿರಿ, ಗದಗ ಸೀಮೆಯ ಗಣಿಗಳೆಲ್ಲ ಅವರ ಗುಂಡಿಗಳ ಮೇಲೆಯೇ ನಿಂತವು. ಇದರಿಂದ ಎರಡು ಸಂಗತಿ ಹೊರಡುತ್ತವೆ. ಕಲ್ಲು ಮೇಲೆ ತೇಲಿ ಕಾಣುವ ಜಾಗದಲ್ಲಿ ಕಣ್ಣಿಗೆ ಕಾಣುವ ಚಿನ್ನವಿದ್ದು ಅವರು ಬಿಟ್ಟುಹೋದದ್ದು ಬಹಳ ಕಡಿಮೆ, ಆ ನೆಲವನ್ನು ಹುಡುಕಿ ಆಗಿದೆ ಎಂದೇ ಎಣಿಸಬೇಕು. ಆದರೆ ಅವರ ಕೈಗೆ ಸಿಗದ ಬಗೆಗಳೂ ಇವೆ: ಗಂಧಕದ ಅದಿರಿನೊಳಗೆ ಕಣ್ಣಿಗೆ ಕಾಣದಷ್ಟು ನುಣ್ಣಗೆ ಅಡಗಿದ ಚಿನ್ನ, ಟನ್ನಿಗೆ ಒಂದೆರಡೇ ಗ್ರಾಂ ಇರುವ ಅಗಲವಾದ ಕಲ್ಲು, ಎರೆಮಣ್ಣು ಅಥವಾ ದಕ್ಖನ್ನಿನ ಲಾವಾ ಹಾಸಿನ ಕೆಳಗೆ ಮುಚ್ಚಿಹೋದ ಶಿಸ್ಟು, ನೀರು ತುಂಬಿ ಬಿಡಬೇಕಾಗಿ ಬಂದ ಆಳ. ಕರ್ನಾಟಕದಲ್ಲಿ ಸಿಗದೆ ಉಳಿದ ಚಿನ್ನ ಇರಬಹುದಾದದ್ದು ಈ ಮುಚ್ಚಿದ ನೆಲದಲ್ಲಿ ಮತ್ತು ಈ ಬಡ ಕಲ್ಲಿನಲ್ಲಿ. ಹಳೆಯ ಗುಂಡಿಗಳನ್ನು ನಂಬಿ ಸಾಗಿದ ನೂರು ವರ್ಷದ ಹುಡುಕಾಟ ಅತ್ತ ಹೆಚ್ಚು ನೋಡಲೇ ಇಲ್ಲ.

ಒಂದೊಂದು ಪಟ್ಟಿಯನ್ನು ಬಿಟ್ಟು ಇಡೀ ವ್ಯವಸ್ಥೆಯನ್ನು ನೋಡುವ ದೃಷ್ಟಿ ನಮ್ಮ ನೆಲದಲ್ಲೇ ಬೇರೂರಿತು ಎಂಬುದು ನನಗೆ ಹೆಮ್ಮೆಯ ವಿಷಯ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ 1874ರಲ್ಲಿ ಧಾರವಾಡ ಸೀಮೆಯ ಡಂಬಳದ ಗುಡ್ಡಗಳ, ಅಂದರೆ ನಮ್ಮ ಕಪ್ಪತಗುಡ್ಡದ, ಚಿನ್ನದ ಕಲ್ಲುಗಳ ಬಗ್ಗೆ ಬರೆದ. ಸೊರಟೂರು, ಡೋಣಿ ಹಳ್ಳಗಳಲ್ಲಿ ಮಳೆ ಬಂದು ಹೋದ ಮೇಲೆ ಮರಳು ತೊಳೆಯುತ್ತಿದ್ದ ಜಾಲಗಾರರು ಅವನಿಗೆ ದಾರಿ ತೋರಿದವರು. ಯಾವ ಹಳ್ಳದಲ್ಲಿ ಚಿನ್ನ ಸಿಗುತ್ತದೆ, ಅದು ಯಾವ ಕಲ್ಲಿನ ಮೇಲಿಂದ ಇಳಿದು ಬರುತ್ತದೆ ಎಂಬ ಅವರ ಅರಿವನ್ನು ಅವನು ನಕಾಶೆಗೆ ಕೂಡಿಸಿದ. ವರ್ಷಗಳ ತಿರುಗಾಟದ ಬಳಿಕ, 1888 ಮತ್ತು 1889ರಲ್ಲಿ, ದಕ್ಷಿಣ ಭಾರತದ ಚಿನ್ನದ ಮುಖ್ಯ ನೆಲೆ ಗ್ರಾನೈಟು, ನೈಸುಗಳ ನಡುವೆ ಪಟ್ಟಿಪಟ್ಟಿಯಾಗಿ ಮಡಿಚಿ ಕುಳಿತ ಒಂದೇ ಶಿಲಾವರ್ಗ ಎಂದು ಬರೆದು ಅದಕ್ಕೆ ಧಾರವಾಡ ವ್ಯವಸ್ಥೆ ಎಂದು ಹೆಸರಿಟ್ಟ. ಇದರ ಬೆಲೆ ಆ ಕಾಲದವರಿಗೆ ಪೂರ್ತಿ ತಿಳಿದಿರಲಾರದು. ಮೈಸೂರು, ಬಳ್ಳಾರಿ, ಧಾರವಾಡ, ರಾಯಚೂರು ಸೀಮೆಗಳ ಚಿನ್ನವನ್ನು ಒಂದೇ ಕಥೆಯ ಭಾಗವಾಗಿ ಓದಬಹುದು, ಎಲ್ಲಿ ಹುಡುಕಬೇಕು ಎಂಬುದಕ್ಕಿಂತ ಎಲ್ಲಿ ಹುಡುಕುವುದು ವ್ಯರ್ಥ ಎಂಬುದನ್ನು ಮೊದಲು ಹೇಳಬಹುದು ಎಂದು ಅದು ತೋರಿಸಿತು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದು ಶಿಸ್ಟಿನ ಪಟ್ಟಿಗಳನ್ನು ಹೋಬಳಿ ಹೋಬಳಿಯಾಗಿ ನಕಾಶೆಗೆ ಇಳಿಸಲು ತೊಡಗಿದ್ದು ಇದೇ ಹಾದಿಯಲ್ಲಿ.

ವ್ಯವಸ್ಥೆ ಎಂದರೆ ಏನು? ಇಂದಿನ ಭೂವಿಜ್ಞಾನಿಗಳ ಪ್ರಕಾರ ಚಿನ್ನದ ನಿಕ್ಷೇಪವೊಂದು ಆಗಲು ಲೋಹ ಕೊಡುವ ಮೂಲ ಬೇಕು, ಆಳದಿಂದ ಬಿಸಿನೀರು ಏರಿಬರಲು ಭೂಮಿಯ ತೊಗಟೆಯನ್ನೇ ಸೀಳಿದ ಬಿರುಕು ಬೇಕು, ಆ ನೀರನ್ನು ನೂಕುವ ಕಾವು ಮತ್ತು ಒತ್ತಡ ಬೇಕು, ಕೊನೆಗೆ ಚಿನ್ನ ಕೆಳಗಿಳಿದು ಕೂರುವಂಥ ಕಲ್ಲಿನ ಬಲೆ ಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಗಣಿಯಿಲ್ಲ. ಕೋಲಾರದ ಜೊತೆಗಾರರು ಪಶ್ಚಿಮ ಆಸ್ಟ್ರೇಲಿಯಾದ ಕಾಲ್ಗೂರ್ಲಿ, ಕೆನಡಾದ ಟಿಮ್ಮಿನ್ಸ್. ಅವೂ 250 ಕೋಟಿ ವರ್ಷಕ್ಕೂ ಹಳೆಯ ಇಂಥದೇ ಶಿಸ್ಟು ಪಟ್ಟಿಗಳು. 1893ರಲ್ಲಿ ಶುರುವಾದ ಕಾಲ್ಗೂರ್ಲಿ ಇಂದಿಗೂ ಚಿನ್ನ ಕೊಡುತ್ತಿದೆ. ಇಲ್ಲೊಂದು ಬಲವಾದ ಆಕ್ಷೇಪ ಎದುರಾಗುತ್ತದೆ. ಅವರ ನೆಲ ಅಷ್ಟೊಂದು ಕೊಟ್ಟಿದೆ, ನಮ್ಮದು ಕೋಲಾರ ಬಿಟ್ಟರೆ ಕೊಟ್ಟದ್ದು ಕಡಿಮೆ. ಇದು ನಾವು ಹುಡುಕದ್ದಕ್ಕೋ, ನೆಲವೇ ಬಡವಾದದ್ದಕ್ಕೋ? ಎರಡಕ್ಕೂ ಆಧಾರವಿದೆ. ನಮ್ಮಲ್ಲಿ ಭೂಮಿ ಹೆಚ್ಚು ಮೇಲೆದ್ದು ಹೆಚ್ಚು ಸವೆದಿರುವ ಕಡೆ ಚಿನ್ನ ಹೊತ್ತ ಮೇಲ್ಭಾಗಗಳು ತೊಳೆದುಹೋಗಿರಬಹುದು, ವೈನಾಡಿನಂಥ ಆಳದ ಕಲ್ಲುಗಳ ಸೀಮೆ ನಿರಾಸೆ ತಂದದ್ದಕ್ಕೆ ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಅದೇ ಹೊತ್ತಿಗೆ, ಆಸ್ಟ್ರೇಲಿಯನ್ನರು ಮಣ್ಣು ಮುಚ್ಚಿದ ಬಯಲುಗಳನ್ನು ಚೌಕ ಚೌಕವಾಗಿ ಮಾದರಿ ತೆಗೆದು, ಸಾವಿರಾರು ಕೊರೆತಗಳನ್ನು ಇಳಿಸಿ ಹುಡುಕಿದಷ್ಟು ನಾವು ಹುಡುಕಿಲ್ಲ ಎಂಬುದೂ ನಿಜ. ಅವರ ಗಣಿಗಳ ಸರಾಸರಿಯನ್ನು ತಂದು ನಮ್ಮ ಶಿಸ್ಟಿನ ಚದರ ಕಿಲೋಮೀಟರಿಗೆ ಗುಣಿಸಿ ಇಷ್ಟು ಸಾವಿರ ಟನ್ ಚಿನ್ನ ಕಾದಿದೆ ಎನ್ನುವುದು ಬ್ರೋ ಸ್ಮಿತ್‌ನ ಜಿಗಿತವೇ ಆಗುತ್ತದೆ.

ಈ ಜಿಗಿತಕ್ಕೆ ಲೆಕ್ಕದ ಶಿಸ್ತು ತಂದವನು ಒಬ್ಬ ಅರ್ಥಶಾಸ್ತ್ರಜ್ಞ. ಫ್ರಾನ್ಸಿನ ಮೊರಿಸ್ ಅಲೆ 1957ರಲ್ಲಿ, ಆಗಿನ್ನೂ ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯಾದ ಸಹಾರಾ ಮರುಭೂಮಿಯಲ್ಲಿ ಖನಿಜ ಹುಡುಕಲು ಹಣ ಹಾಕಬಹುದೇ ಎಂಬ ಪ್ರಶ್ನೆಗೆ ಉತ್ತರ ಬರೆದ. ಅಲ್ಲಿ ಸರಾಸರಿ ತೆಗೆಯುವಷ್ಟು ಗಣಿಗಳಿರಲಿಲ್ಲ. ಆದ್ದರಿಂದ ಚೆನ್ನಾಗಿ ಹುಡುಕಿ ಮುಗಿಸಿದ ಬೇರೆ ದೇಶಗಳ ನೆಲದಲ್ಲಿ ಇಷ್ಟು ವಿಸ್ತಾರಕ್ಕೆ ಎಷ್ಟು ನಿಕ್ಷೇಪ ಸಿಕ್ಕಿವೆ, ಅವುಗಳ ಬೆಲೆ ಹೇಗೆ ಹಂಚಿಹೋಗಿದೆ ಎಂದು ಎಣಿಸಿದ. ನಿಕ್ಷೇಪಗಳ ಸಂಖ್ಯೆ ಆಕಸ್ಮಿಕದ ನಿಯಮಕ್ಕೆ ಒಳಪಡುತ್ತದೆ, ಬೆಲೆ ಮಾತ್ರ ಕೆಲವೇ ದೈತ್ಯರ ಪಾಲಾಗುತ್ತದೆ ಎಂದು ಕಂಡುಕೊಂಡ. ಅವನ ತೀರ್ಮಾನ ವಿಚಿತ್ರವಾಗಿ ಕೇಳಿಸಬಹುದು: ಒಟ್ಟು ನಿರೀಕ್ಷೆ ಲಾಭದ ಕಡೆಗಿದೆ, ಆದರೆ ಹಣ ಹಾಕಿದವನು ನಷ್ಟಪಡುವ ಸಂಭವವೇ ಹೆಚ್ಚು. ಎರಡೂ ಏಕಕಾಲಕ್ಕೆ ನಿಜವಾಗುವುದು ಆ ದೈತ್ಯರಿಂದಾಗಿ. 1880ರ ಲಂಡನ್ ಷೇರುದಾರರಿಗೆ ಈ ಎರಡನೆಯ ವಾಕ್ಯವನ್ನು ಯಾರಾದರೂ ಹೇಳಿದ್ದರೆ ಕೋಲಾರಕ್ಕೆ ಹಾಕಿದ ಹಣ ನಿಲ್ಲುತ್ತಿತ್ತೋ ಏನೋ, ವೈನಾಡಿಗೆ ಹಾಕಿದ್ದಂತೂ ಖಂಡಿತ ನಿಲ್ಲುತ್ತಿತ್ತು.

ಅಮೆರಿಕದಲ್ಲಿ ಇದೇ ಪ್ರಶ್ನೆ ತೈಲದ ರೂಪದಲ್ಲಿ ಬಂತು. ಅಲ್ಲಿನ ಭೂವೈಜ್ಞಾನಿಕ ಸರ್ವೇಕ್ಷಣೆಯ ಝಾಪ್, ಇದುವರೆಗೆ ಕೊರೆದ ಪ್ರತಿ ಅಡಿಗೆ ಸಿಕ್ಕಷ್ಟೇ ತೈಲ ಮುಂದೆ ಕೊರೆಯುವ ಅಡಿಗೂ ಸಿಗುತ್ತದೆ ಎಂಬ ಆಧಾರದ ಮೇಲೆ 590 ಶತಕೋಟಿ ಬ್ಯಾರೆಲ್ ಅಂದಾಜು ಮಾಡಿದ. ಭೂವಿಜ್ಞಾನಿ ಎಂ. ಕಿಂಗ್ ಹಬ್ಬರ್ಟ್ ಒಪ್ಪಲಿಲ್ಲ. ದೊಡ್ಡವು ಮೊದಲು ಸಿಗುತ್ತವೆ, ಅಡಿಗೆ ಸಿಗುವ ಪಾಲು ಇಳಿಯುತ್ತಲೇ ಹೋಗುತ್ತದೆ, ಒಟ್ಟು 150ರಿಂದ 200 ಶತಕೋಟಿ ಎಂದು ಅವನು 1956ರಲ್ಲೇ ಹೇಳಿದ್ದ. 1970ರಲ್ಲಿ ಅಮೆರಿಕದ ಉತ್ಪಾದನೆ ಶಿಖರ ಮುಟ್ಟಿ ಇಳಿಯತೊಡಗಿತು, ಹಬ್ಬರ್ಟನ ಮಾತು ಗೆದ್ದಂತೆ ಕಂಡಿತು. ದಶಕಗಳ ಮೇಲೆ ಶೇಲ್ ಕಲ್ಲನ್ನು ಒಡೆದು ತೈಲ ತೆಗೆಯುವ ವಿದ್ಯೆ ಬಂದಾಗ ಅವನ ಗೆರೆಯೂ ಅಳಿಸಿಹೋಯಿತು. ಹಬ್ಬರ್ಟ್ ತಪ್ಪಿದ್ದು ಹಳೆಯ ಬಗೆಯ ತೈಲದ ಲೆಕ್ಕದಲ್ಲಲ್ಲ. ಆ ಲೆಕ್ಕ ಯಾವ ಬಗೆಗೆ ಸೇರಿದ್ದು ಎಂಬ ಗಡಿಯನ್ನು ಓದುಗರು ಮರೆತರು. ಇದೇ ಸರ್ವೇಕ್ಷಣೆಯ ನಿರ್ದೇಶಕ ವಿನ್ಸೆಂಟ್ ಮೆಕೆಲ್ವಿ 1972ರಲ್ಲಿ ಒಂದು ಸರಳ ಚೌಕ ಬರೆದು ಈ ಗಡಿಗಳನ್ನು ತೋರಿಸಿದ್ದ. ಎಡದಿಂದ ಬಲಕ್ಕೆ ಹೋದಂತೆ ಇದೆಯೆಂಬ ಖಾತ್ರಿ ಕಡಿಮೆಯಾಗುತ್ತದೆ, ಮೇಲಿನಿಂದ ಕೆಳಕ್ಕೆ ಹೋದಂತೆ ತೆಗೆದರೆ ಲಾಭವೆಂಬ ಖಾತ್ರಿ ಕಡಿಮೆಯಾಗುತ್ತದೆ. ಎರಡನ್ನೂ ಬೆರೆಸಬಾರದು. ಕೋಲಾರವೇ ಇದಕ್ಕೆ ಸಾಕ್ಷಿ. ಗಣಿ ಮುಚ್ಚಿದಾಗ ಕೆಳಗೆ ಚಿನ್ನ ಇರಲಿಲ್ಲ ಎಂದಲ್ಲ, ಮೂರು ಕಿಲೋಮೀಟರ್ ಕೆಳಗಿನಿಂದ ಟನ್ನಿಗೆ ಕೆಲವೇ ಗ್ರಾಂ ಬರುವ ಕಲ್ಲನ್ನು ಎತ್ತಿ ತರುವ ಖರ್ಚು ಚಿನ್ನದ ಬೆಲೆಯನ್ನು ಮೀರಿತ್ತು.

ಅಲಾಸ್ಕದಲ್ಲಿ ಈ ಕಸುಬು ಇಂದಿನ ರೂಪ ಪಡೆಯಿತು. ಅಲ್ಲಿನ ಮೂಲನಿವಾಸಿಗಳ ಭೂಹಕ್ಕನ್ನು ಇತ್ಯರ್ಥಪಡಿಸುವ 1971ರ ಕಾಯ್ದೆಯ ಬಳಿಕ ಯಾವ ನೆಲ ಯಾರಿಗೆ, ಯಾವುದು ರಾಷ್ಟ್ರೀಯ ಉದ್ಯಾನ, ಯಾವುದು ಗಣಿಗೆ ತೆರೆದದ್ದು ಎಂದು ಸರ್ಕಾರ ತೀರ್ಮಾನಿಸಬೇಕಾಗಿತ್ತು. ಅಗೆದು ನೋಡುವಷ್ಟು ಸಮಯವಿರಲಿಲ್ಲ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆಯ ಡೊನಾಲ್ಡ್ ಸಿಂಗರ್ ಮತ್ತು ಸಂಗಡಿಗರು ಮೂರು ಹಂತದ ಕ್ರಮ ಕಟ್ಟಿದರು. ಮೊದಲು, ಒಂದೊಂದು ಬಗೆಯ ನಿಕ್ಷೇಪಕ್ಕೆ ಭೂವಿಜ್ಞಾನ ಆಸ್ಪದ ಕೊಡುವ ನೆಲ ಯಾವುದು ಎಂದು ನಕಾಶೆಯಲ್ಲಿ ಗೆರೆ ಎಳೆಯುವುದು. ಆಮೇಲೆ, ಜಗತ್ತಿನಲ್ಲಿ ಈಗಾಗಲೇ ತಿಳಿದಿರುವ ಅದೇ ಬಗೆಯ ನಿಕ್ಷೇಪಗಳ ಗಾತ್ರ ಮತ್ತು ಸತ್ವ ಹೇಗೆ ಹಂಚಿಹೋಗಿದೆ ಎಂಬ ಪಟ್ಟಿಯನ್ನು ಪಕ್ಕದಲ್ಲಿಡುವುದು. ಕೊನೆಗೆ, ಆ ಗೆರೆಯೊಳಗೆ ಸಿಗದೆ ಉಳಿದಿರುವುದು ಎಷ್ಟು ನಿಕ್ಷೇಪ ಎಂದು ಆ ನೆಲ ಬಲ್ಲ ಭೂವಿಜ್ಞಾನಿಗಳನ್ನು ಕೇಳುವುದು: ಶೇ 90ರಷ್ಟು ಖಾತ್ರಿಯಿಂದ ಎಷ್ಟು, ಶೇ 50ರಿಂದ ಎಷ್ಟು, ಶೇ 10ರಿಂದ ಎಷ್ಟು. ಈ ಮೂರನ್ನೂ ಕಂಪ್ಯೂಟರಿನಲ್ಲಿ ಸಾವಿರಾರು ಬಾರಿ ಬೆರೆಸಿದರೆ ಒಂದು ಅಂಕಿಯ ಬದಲು ಒಂದು ಹರವು ಸಿಗುತ್ತದೆ. ಕಾಕ್ಸ್ ಮತ್ತು ಸಿಂಗರ್ 1986ರಲ್ಲಿ ನಿಕ್ಷೇಪ ಮಾದರಿಗಳ ದೊಡ್ಡ ಸಂಕಲನ ತಂದರು. 1998ರಲ್ಲಿ ಇಡೀ ಅಮೆರಿಕಕ್ಕೆ ಚಿನ್ನ, ಬೆಳ್ಳಿ, ತಾಮ್ರ, ಸೀಸ, ಸತುವುಗಳ ಲೆಕ್ಕ ಬಂತು, ಈವರೆಗೆ ಸಿಕ್ಕಷ್ಟೇ ಹೆಚ್ಚುಕಡಿಮೆ ಇನ್ನೂ ಸಿಗದೆ ಇರಬಹುದು ಎಂಬುದು ಅದರ ಸಾರ. ಜಗತ್ತಿನ ತಾಮ್ರಕ್ಕೂ ಹೀಗೆಯೇ ಲೆಕ್ಕ ಹಾಕಿ, ಗುರುತಿಸಿದ್ದು ಸುಮಾರು 210 ಕೋಟಿ ಟನ್, ಸಿಗದೆ ಉಳಿದದ್ದು ಸರಾಸರಿ 350 ಕೋಟಿ ಟನ್ ಎಂದರು.

ಇದರ ವಿರುದ್ಧ ಎರಡು ಮಾತು ಬರುತ್ತವೆ, ಎರಡೂ ತೂಕವಾದವು. ಮೊದಲನೆಯದು, ಕೊನೆಯ ಹಂತದಲ್ಲಿ ಇರುವುದು ತಜ್ಞರ ಊಹೆ ತಾನೇ, ಅದಕ್ಕೆ ಶೇಕಡಾವಾರು ಅಂಗಿ ತೊಡಿಸಿದರೆ ವಿಜ್ಞಾನವಾಗುತ್ತದೆಯೇ ಎಂಬುದು. ಊಹೆ ಹೌದು. ಆದರೆ ಬ್ರೋ ಸ್ಮಿತ್‌ನದೂ ಊಹೆಯೇ ಆಗಿತ್ತು, ಅದು ತನ್ನನ್ನು ತಾನು ಊಹೆ ಎಂದು ಕರೆದುಕೊಳ್ಳಲಿಲ್ಲ. ಇಲ್ಲಿ ಗೆರೆ ಕಾಣುತ್ತದೆ, ಮಾದರಿಪಟ್ಟಿ ಕಾಣುತ್ತದೆ, ಯಾವ ಹಂತದಲ್ಲಿ ಯಾರು ಏನನ್ನು ಊಹಿಸಿದರು ಎಂಬುದೂ ಬರಹದಲ್ಲಿರುತ್ತದೆ. ಇಪ್ಪತ್ತು ವರ್ಷದ ಮೇಲೆ ಇನ್ನೊಬ್ಬರು ಬಂದು ಎಲ್ಲಿ ತಪ್ಪಾಯಿತು ಎಂದು ಬೊಟ್ಟು ಮಾಡಬಹುದು. ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. 1975ರಲ್ಲಿ ದಕ್ಷಿಣ ಆಸ್ಟ್ರೇಲಿಯಾದಲ್ಲಿ 300 ಮೀಟರಿಗೂ ಹೆಚ್ಚು ದಪ್ಪದ ಮುಚ್ಚಿಗೆಯ ಕೆಳಗೆ ಒಲಿಂಪಿಕ್ ಡ್ಯಾಮ್ ಎಂಬ ತಾಮ್ರ, ಯುರೇನಿಯಂ, ಚಿನ್ನದ ಮಹಾನಿಕ್ಷೇಪ ಸಿಕ್ಕಿತು. ಹುಡುಕಿದವರು ಅರಸುತ್ತಿದ್ದದ್ದು ಬೇರೆ ಬಗೆಯ ತಾಮ್ರವನ್ನು. ಅಂಥದೊಂದು ಬಗೆ ಇದೆಯೆಂದೇ ಆಗ ಯಾರ ಮಾದರಿಪಟ್ಟಿಯಲ್ಲೂ ಇರಲಿಲ್ಲ. ಒಂದು ದೇಶದ ಭಾಗ್ಯವನ್ನು ದೈತ್ಯರೇ ನಿರ್ಧರಿಸುವುದಾದರೆ, ದೈತ್ಯರು ಹೀಗೆ ಪಟ್ಟಿಯ ಹೊರಗಿನಿಂದ ಬರುವುದಾದರೆ, ಲೆಕ್ಕಕ್ಕೆ ಏನರ್ಥ? ತಿಳಿದ ಬಗೆಗಳ ಮಟ್ಟಿಗೆ ಅರ್ಥವಿದೆ, ತಿಳಿಯದ ಬಗೆಗೆ ಇಲ್ಲ ಎಂದು ನೇರವಾಗಿ ಒಪ್ಪಿಕೊಳ್ಳಬೇಕು. ಗಣಿ ಎಲ್ಲಿ ತೆರೆಯಬೇಕು ಎಂಬುದನ್ನು ಇದು ಹೇಳುವುದಿಲ್ಲ. ಯಾವ ನೆಲವನ್ನು ಬಿಟ್ಟುಕೊಟ್ಟರೆ ಎಷ್ಟು ಕಳೆದುಕೊಳ್ಳುವ ಸಂಭವವಿದೆ ಎಂದು ಹೇಳುತ್ತದೆ. ನೀತಿ ಮಾಡುವವರಿಗೆ ಬೇಕಾದದ್ದೂ ಅಷ್ಟೇ.

ನಮ್ಮ ದೇಶದಲ್ಲಿ ಈ ಶಿಸ್ತು ಕಾಗದದ ಮೇಲೆ ಇದೆ. ವಿಶ್ವಸಂಸ್ಥೆಯ ಚೌಕಟ್ಟಿನಂತೆ ನಾವು ಹುಡುಕಾಟವನ್ನು ಜಿ4ರಿಂದ ಜಿ1ರವರೆಗೆ ಹಂತ ಹಂತವಾಗಿ ಗುರುತಿಸುತ್ತೇವೆ. ಜಿ4 ಎಂದರೆ ಮೇಲ್ನೋಟದ ಸಮೀಕ್ಷೆ, ಜಿ1 ಎಂದರೆ ಒತ್ತೊತ್ತಾಗಿ ಕೊರೆದು ಮುಗಿಸಿದ್ದು. ಆದರೆ ಸುದ್ದಿಯಾಗುವಾಗ ಈ ಗುರುತು ಉದುರಿಹೋಗಿ ಅಂಕಿ ಮಾತ್ರ ಉಳಿಯುತ್ತದೆ. 2020ರ ಫೆಬ್ರವರಿಯಲ್ಲಿ ಉತ್ತರ ಪ್ರದೇಶದ ಸೋನಭದ್ರದಲ್ಲಿ 3,000 ಟನ್ನಿಗೂ ಹೆಚ್ಚು ಚಿನ್ನ ಸಿಕ್ಕಿತೆಂದು ದೇಶವೆಲ್ಲ ಗುಲ್ಲೆದ್ದಿತು. ಸರ್ವೇಕ್ಷಣೆಯ ಸ್ಪಷ್ಟನೆ ಬಂದಾಗ ಅಲ್ಲಿದ್ದದ್ದು ಟನ್ನಿಗೆ 3.03 ಗ್ರಾಂ ಸತ್ವದ 52,806 ಟನ್ ಅದಿರು, ಅಂದರೆ ಸುಮಾರು 160 ಕಿಲೋ ಚಿನ್ನ. ಅದೇ ತಿಂಗಳು ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲ, ಅಲ್ಲಾಪಟ್ಟಣ ಕಡೆ 14,100 ಟನ್ ಲಿಥಿಯಂ ಇದೆ ಎಂಬ ಅಂದಾಜು ಪ್ರಕಟವಾಯಿತು. ಪರಮಾಣು ಖನಿಜ ನಿರ್ದೇಶನಾಲಯದ ಪ್ರಾಥಮಿಕ ಹುಡುಕಾಟದ ಆಧಾರದ ಮೇಲೆ ಸರ್ಕಾರ ಮರುವರ್ಷ ಸಂಸತ್ತಿಗೆ ಹೇಳಿದ್ದು 1,600 ಟನ್. 2023ರಲ್ಲಿ ಜಮ್ಮುವಿನ ರಿಯಾಸಿಯಲ್ಲಿ 59 ಲಕ್ಷ ಟನ್ ಲಿಥಿಯಂ ಎಂದು ಹಬ್ಬ ಮಾಡಿದರು. ಅದು ಜಿ3 ಹಂತದ ಅಂದಾಜು, ಅದಿರಿನ ತೂಕವೇ ಹೊರತು ಲೋಹದ್ದಲ್ಲ. ಹರಾಜಿಗೆ ಇಟ್ಟಾಗ ಬೇಕಾದಷ್ಟು ಬಿಡ್ಡುದಾರರು ಬರದೆ ರದ್ದಾಯಿತು. ಈ ಮೂರರಲ್ಲೂ ಭೂವಿಜ್ಞಾನಿಗಳ ಕೆಲಸದಲ್ಲಿ ದೋಷವಿಲ್ಲ. ಅವರ ಹರವನ್ನು ಒಂದೇ ಅಂಕಿಗೆ ಕುಗ್ಗಿಸಿದ ಹಸಿವಿನಲ್ಲಿ ದೋಷವಿದೆ. ಅಂಥ ಅಂಕಿಯನ್ನು ನಂಬಿ ಭೂಮಿ ಕೊಂಡವರು, ಊರು ಬಿಡಬೇಕಾದೀತೆಂದು ನಿದ್ದೆಗೆಟ್ಟವರು ಇಬ್ಬರೂ ಅನ್ಯಾಯಕ್ಕೆ ಒಳಗಾಗುತ್ತಾರೆ.

ನಮ್ಮಲ್ಲಿ ಈ ಲೆಕ್ಕ ಎಲ್ಲಕ್ಕಿಂತ ಮೊದಲು ಬೇಕಾಗಿರುವುದು ಕಪ್ಪತಗುಡ್ಡಕ್ಕೆ. ಅಲ್ಲಿ ಪ್ರಾಚೀನರ ಗುಂಡಿಗಳಿವೆ, ಜಾಲಗಾರರ ಹಳ್ಳಗಳಿವೆ, ಫೂಟ್‌ನ ನಕಾಶೆಯಿದೆ. 20ನೇ ಶತಮಾನದ ಮೊದಲ ದಶಕದಲ್ಲಿ ಕಬಲಾಯತಕಟ್ಟಿಯಲ್ಲಿ ಗಣಿ ತೆರೆದು ಹೆಚ್ಚು ಕಾಲ ನಡೆಯದೆ ಮುಚ್ಚಿದ ದಾಖಲೆಯೂ ಇದೆ. 2019ರಲ್ಲಿ ಗುಡ್ಡ ವನ್ಯಜೀವಿ ಧಾಮವಾಯಿತು, ಆದರೂ ಅದರಡಿಯ ಚಿನ್ನದ ಮಾತು ನಿಂತಿಲ್ಲ. ಗುಡ್ಡದ ಪರ ನಿಂತವರು ಅಲ್ಲಿ ಚಿನ್ನವೇ ಇಲ್ಲ ಎನ್ನಬೇಕಾಗಿಲ್ಲ, ಗಣಿಯ ಪರ ಇರುವವರು ಇನ್ನೊಂದು ಕೋಲಾರವಿದೆ ಎನ್ನಲು ಆಧಾರವಿಲ್ಲ. ಮೇಲೆ ಕಾಣುವ ಶ್ರೀಮಂತ ಕಲ್ಲನ್ನು ಹಿಂದಿನವರು ತೆಗೆದುಕೊಂಡು ಹೋಗಿದ್ದಾರೆ, ಬ್ರಿಟಿಷರ ಗಣಿ ಕೆಳಗೆ ಹೆಚ್ಚು ಕಾಣಲಿಲ್ಲ. ಉಳಿದಿರುವುದು ಬಹುಶಃ ಅಗಲವಾಗಿ ಹರಡಿದ ಬಡ ಅದಿರು, ಅದನ್ನು ತೆಗೆಯಲು ಸುರಂಗ ಸಾಲದು, ಗುಡ್ಡವನ್ನೇ ತೆರೆಯಬೇಕು. ಹಾಗಾದರೆ ರಾಜ್ಯದ ಗಣಿ ಮತ್ತು ಭೂವಿಜ್ಞಾನ ಇಲಾಖೆ ಅಲಾಸ್ಕದವರು ಮಾಡಿದಂತೆ ಗದಗದ ಶಿಸ್ಟು ಪಟ್ಟಿಗೆ ಬಗೆಬಗೆಯಾಗಿ ಗೆರೆ ಎಳೆದು, ಎಷ್ಟು ಕೊರೆತಗಳು ಎಲ್ಲಿ ಎಷ್ಟು ಆಳಕ್ಕೆ ಇಳಿದಿವೆ ಎಂಬುದನ್ನು ಕೂಡಿಸಿ, ಮೂರು ಅಂಕಿಗಳ ಹರವನ್ನು ಕನ್ನಡದಲ್ಲಿ ಅಚ್ಚು ಹಾಕಿ ಡೋಣಿ, ಅತ್ತಿಕಟ್ಟಿ, ಸೊರಟೂರಿನ ಪಂಚಾಯ್ತಿಗಳಿಗೆ ಕೊಡಬೇಕು. ಶೇ 90ರ ಖಾತ್ರಿಯ ಅಂಕಿ ಸೊನ್ನೆಯಾಗಿದ್ದರೆ, ಅದೂ ಆ ಹಾಳೆಯಲ್ಲಿ ಇರಬೇಕು.